ಓಬವ್ವನಿಗೆ ಜೈ ಅನ್ನುವ ಹುಡುಗರು ಕ್ಯಾಪ್ಟನ್ ಮಾರ್ವೆಲ್‌ಗೆ ಯಾಕೆ ಮುಖ ಸಿಂಡರಿಸುತ್ತಾರೆ?

ಪ್ರಶ್ನೆ: ನಾವು ಚಿತ್ರದುರ್ಗದವರು. ನನ್ನ ಮಗಳಿಗೆ ಹನ್ನೆರಡು ವರ್ಷ, ಸೂಪರ್‌ಹೀರೋ ಸಿನಿಮಾ ಅಂದರೆ ಪ್ರಾಣ. ಪಿಯುಸಿ ಓದುವ ಮಗ, ಅವನ ಗೆಳೆಯರು ಕೂಡ ಅವನ್ನೇ ನೋಡುತ್ತಾರೆ. ಆದರೆ ಇವಳು ಕ್ಯಾಪ್ಟನ್ ಮಾರ್ವೆಲ್ ಹಾಕಿದಳೋ ಇಲ್ಲವೋ, "ಲೇಡಿ ಸೂಪರ್‌ಹೀರೋ ಪಿಕ್ಚರೆಲ್ಲ ಫ್ಲಾಪ್ ಕಣೇ, ಸುಮ್ನೆ ತುರುಕ್ತಾರೆ" ಅಂತ ಚಾನೆಲ್ ಬದಲಾಯಿಸುತ್ತಾರೆ. ಇದೇ ಹುಡುಗರು ನವೆಂಬರ್‌ನಲ್ಲಿ ಓಬವ್ವ ಜಯಂತಿಗೆ ಮುಂದೆ ನಿಂತು ಜೈಕಾರ ಹಾಕುತ್ತಾರೆ. ಸಿನಿಮಾಗಳೇ ಕೆಟ್ಟವೋ, ಹುಡುಗರ ಕಣ್ಣೇ ಹಾಗೋ? ಮಗಳಿಗೆ ನಾನು ಏನು ಹೇಳಲಿ?

ಉತ್ತರ: ಕೆಲವು ಸಿನಿಮಾಗಳು ಕೆಟ್ಟವೇ. 2004ರ ಕ್ಯಾಟ್‌ವುಮನ್ ಆಗಲಿ, 2024ರ ಮೇಡಮ್ ವೆಬ್ ಆಗಲಿ ಒಳ್ಳೆಯ ಸಿನಿಮಾ ಎಂದು ನಾನು ವಾದಿಸುವುದಿಲ್ಲ. ಒಂದು ಸಿನಿಮಾ ನೋಡಿ ಬೇಸರಪಡುವ ಹಕ್ಕು ನಿಮ್ಮ ಮಗನಿಗೂ ಇದೆ. ಆದರೆ ನೋಡುವ ಮುಂಚೆಯೇ ಇಡೀ ಸಾಲನ್ನು ತಳ್ಳಿಹಾಕುವುದು ರುಚಿಯ ವಿಷಯವಲ್ಲ. ಆ ತೀರ್ಪು ಅವನಿಗಿಂತ ಮುಂಚೆಯೇ ಯಾರೋ ಬರೆದಿಟ್ಟದ್ದು, ಅವನು ಓದಿ ಹೇಳುತ್ತಿದ್ದಾನೆ ಅಷ್ಟೆ. ಯಾರು ಬರೆದಿಟ್ಟರು, ಹೇಗೆ ಎಂಬುದನ್ನು ನೋಡೋಣ. ದಾವಣಗೆರೆಯಲ್ಲಿ ಮಕ್ಕಳಿಗೆ ಸಿನಿಮಾ, ಕಾಮಿಕ್ಸ್ ಬಗ್ಗೆ ಪಾಠ ಹೇಳುತ್ತಾ ಬಂದಿರುವ ನನಗೆ ಈ ಮಾತು ಹೊಸದಲ್ಲ. ಓಬವ್ವನನ್ನು ಪಕ್ಕದಲ್ಲಿಟ್ಟು ಯಾರೂ ಕೇಳಿರಲಿಲ್ಲ. ಉತ್ತರದ ಬೀಗದ ಕೈ ನಿಮ್ಮ ಪ್ರಶ್ನೆಯಲ್ಲೇ ಇದೆ, ಅದಕ್ಕೇ ಅಲ್ಲಿಂದ ಶುರುಮಾಡುತ್ತೇನೆ.

ಓಬವ್ವನ ಕಥೆಯನ್ನು ನಾವು ಹೇಗೆ ಹೇಳುತ್ತೇವೆ? ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ಹೆಂಡತಿ ನೀರಿಗೆ ಹೋಗುತ್ತಾಳೆ, ಕಿಂಡಿಯಲ್ಲಿ ಶತ್ರುಗಳು ನುಸುಳುವ ಸದ್ದು ಕೇಳುತ್ತದೆ. ಉಣ್ಣುತ್ತಿರುವ ಗಂಡನನ್ನು ಎಬ್ಬಿಸಬಾರದೆಂದು ಒನಕೆ ಹಿಡಿದು ತಾನೇ ನಿಲ್ಲುತ್ತಾಳೆ. ಒಬ್ಬೊಬ್ಬರ ತಲೆಗೂ ಹೊಡೆದು ಹೆಣವನ್ನು ಪಕ್ಕಕ್ಕೆಳೆಯುತ್ತಾಳೆ. ಕೊನೆಗೆ ಅವಳೂ ಸಾಯುತ್ತಾಳೆ. ಶತ್ರುವಿನ ಕೈಯಲ್ಲಿ ಎಂದು ಕೆಲವರು, ಆಘಾತದಿಂದ ಎಂದು ಕೆಲವರು. ಕೋಟೆ 1779ರಲ್ಲಿ ಹೈದರನ ವಶವಾಯಿತು.

ಈಗ ಕಥೆಯ ಷರತ್ತುಗಳನ್ನು ನೋಡಿ. ಅವಳು ಯುದ್ಧ ಹುಡುಕಿಕೊಂಡು ಹೋದವಳಲ್ಲ, ನೀರಿಗೆ ಹೋದವಳು. ಗಂಡನ ಊಟ ಕೆಡಲಿಲ್ಲ. ಆಯುಧ ಅಡುಗೆಮನೆಯದು. ಕಾದದ್ದು ದೊರೆಯ ಕೋಟೆಯನ್ನು. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ದಿನ ಅವಳ ಕಥೆ ಮುಗಿಯಿತು. ಮರುದಿನ ಬೆಳಿಗ್ಗೆ ಓಬವ್ವ ಅದೇ ಒನಕೆ ಹಿಡಿದು ಮದಕರಿನಾಯಕನ ಎದುರು ಬಂದು, "ಇನ್ನು ಮೇಲೆ ಈ ಬತೇರಿಯ ಕಾವಲು ನನ್ನದು, ನನ್ನ ಕೈಕೆಳಗೆ ಇಪ್ಪತ್ತು ಜನ ಕೊಡಿ" ಎಂದಿದ್ದರೆ? ಆ ಓಬವ್ವನ ಬಗ್ಗೆಯೂ ಹೀಗೇ ಲಾವಣಿ ಕಟ್ಟುತ್ತಿದ್ದೆವೇ, ಇಲ್ಲ ಗಂಡುಬೀರಿ ಎನ್ನುತ್ತಿದ್ದೆವೇ?

ಇದರಿಂದ ಓಬವ್ವ ಒಂದು ಗುಲಗಂಜಿಯಷ್ಟೂ ಚಿಕ್ಕವಳಾಗುವುದಿಲ್ಲ. ಅವಳನ್ನು ನಾವು ನೆನೆಯುವ ರೀತಿಯ ಬಗ್ಗೆ ನನ್ನ ಮಾತು. ತರಗತಿಯಲ್ಲಿ ಓಬವ್ವನ ಗಂಡನ ಹೆಸರು ಕೇಳಿದರೆ ಕೈಗಳು ಪಟಪಟನೆ ಮೇಲೇಳುತ್ತವೆ. ಅವಳ ತವರು ಯಾವುದು ಎಂದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೂಡ್ಲಿಗಿ ಸೀಮೆಯ ಗುಡೇಕೋಟೆಯವರು, ಆಕೆ ನಮ್ಮೂರ ಮಗಳು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದು ನಮ್ಮ ಮಕ್ಕಳಿಗೆ ತಲುಪಿಲ್ಲ. ನಮ್ಮೆಲ್ಲರ ಕಣ್ಣಲ್ಲಿರುವ ಓಬವ್ವ ಹೆಚ್ಚಾಗಿ 1972ರ ನಾಗರಹಾವು ಚಿತ್ರದಲ್ಲಿ ಜಯಂತಿ ಅಭಿನಯಿಸಿದವಳು. ಪುಟ್ಟಣ್ಣ ಕಣಗಾಲರು ಅದನ್ನು ಎಷ್ಟು ಚೆನ್ನಾಗಿ ಚಿತ್ರಿಸಿದರೆಂದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಆ ಸಿನಿಮಾ ರಾಮಾಚಾರಿಯದು. ಓಬವ್ವ ಒಂದು ಹಾಡಿನಷ್ಟು ಹೊತ್ತು ಬಂದು ಹೋಗುತ್ತಾಳೆ, ಅದೂ ಪಿ.ಬಿ. ಶ್ರೀನಿವಾಸ್ ಅವರ ದನಿಯಲ್ಲಿ.

ನನ್ನ ಇಡೀ ಉತ್ತರದ ತಿರುಳು ಇಷ್ಟೇ: ಹೆಣ್ಣಿಗೆ ಶಕ್ತಿ ಬರುವುದಕ್ಕೆ ಯಾರ ತಕರಾರೂ ಇಲ್ಲ, ಅದನ್ನು ಅವಳು ತನ್ನ ಹತ್ತಿರವೇ ಇಟ್ಟುಕೊಳ್ಳುವುದಕ್ಕೆ ತಕರಾರು. ಸೂಪರ್‌ಹೀರೋ ಎಂದರೆ ಶಕ್ತಿಯನ್ನು ಇಟ್ಟುಕೊಳ್ಳುವವಳು. ಮುಂದಿನ ತಿಂಗಳ ಸಂಚಿಕೆಯಲ್ಲಿ ಮತ್ತೆ ಬರುತ್ತಾಳೆ, ಅದರ ಮುಂದಿನ ತಿಂಗಳೂ ಬರುತ್ತಾಳೆ. ಮನೆಗೆ ಹಿಂದಿರುಗಿ ಒನಕೆಯನ್ನು ಮೂಲೆಗೆ ಒರಗಿಸುವುದಿಲ್ಲ.

ಈ ಕಾಮಿಕ್ಸ್ ಹುಟ್ಟಿದ ಅಮೆರಿಕದಲ್ಲೂ ಕಥೆ ಬರೆಯುವವರೇ ಇದಕ್ಕೆ ಹೆದರಿದರು. ವಂಡರ್ ವುಮನ್ 1941ರಲ್ಲಿ ಬಂದಳು. ಹುಟ್ಟಿಸಿದವರು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ. ಹುಡುಗಿಯರಿಗೂ ಬಲವಾದ ಆದರ್ಶ ಬೇಕೆಂದು ಹಟ ಹಿಡಿದವರು ಅವರು. ಮರುವರ್ಷವೇ ಇನ್ನೊಬ್ಬ ಬರಹಗಾರರ ಕೈಯಲ್ಲಿ ಅವಳನ್ನು ಗಂಡು ಹೀರೋಗಳ ಸಂಘಕ್ಕೆ ಸೇರಿಸಿಕೊಂಡರು. ಯಾವ ಹುದ್ದೆಗೆ ಗೊತ್ತೇ? ಕಾರ್ಯದರ್ಶಿ. ಸಂಘದ ಗಂಡಸರು ಸಾಹಸಕ್ಕೆ ಹೊರಟರೆ, ಅವರಲ್ಲಿ ಅನೇಕರಿಗಿಂತ ಬಲಶಾಲಿಯಾದ ಈಕೆ ಹಿಂದೆ ಉಳಿದು ಲೆಕ್ಕಪತ್ರ ನೋಡಿಕೊಳ್ಳಬೇಕು! 1968ರಲ್ಲಿ ಅವಳ ಶಕ್ತಿಯನ್ನೇ ತೆಗೆದುಹಾಕಿ ಬಟ್ಟೆ ಅಂಗಡಿ ಇಡಿಸಿದರು. 1972ರಲ್ಲಿ ಸ್ತ್ರೀವಾದಿ ಹೋರಾಟಗಾರ್ತಿ ಗ್ಲೋರಿಯಾ ಸ್ಟೈನಮ್ ಮತ್ತು ಗೆಳತಿಯರು ತಮ್ಮ ಮಿಸ್ ಪತ್ರಿಕೆಯ ಮುಖಪುಟದಲ್ಲಿ ಹಳೆಯ ವಂಡರ್ ವುಮನ್‌ಳನ್ನು ಹಾಕಿ, ಈಕೆಯನ್ನು ರಾಷ್ಟ್ರಾಧ್ಯಕ್ಷೆ ಮಾಡಿ ಎಂದು ಬರೆದರು. 1973ರಲ್ಲಿ ಶಕ್ತಿ ವಾಪಸು ಬಂತು.

ಸೂಪರ್‌ಗರ್ಲ್ ಕಥೆ ಇನ್ನೂ ನೋವಿನದು. 1959ರಲ್ಲಿ ಭೂಮಿಗೆ ಬಂದ ಈ ಹುಡುಗಿಗೆ ಸೂಪರ್‌ಮ್ಯಾನ್‌ನಷ್ಟೇ ಶಕ್ತಿ. ಸ್ವಂತ ಚಿಕ್ಕಪ್ಪನ ಮಗಳನ್ನು ಅವನು ಅನಾಥಾಲಯದಲ್ಲಿ ಬಿಟ್ಟು, ನೀನಿರುವುದು ಯಾರಿಗೂ ತಿಳಿಯಬಾರದು ಎಂದ. 1962ರವರೆಗೆ ಅವಳು ಹಾಗೇ ಅಡಗಿದ್ದಳು. 1961ರ ಫೆಂಟಾಸ್ಟಿಕ್ ಫೋರ್ ತಂಡದ ಒಬ್ಬಳೇ ಹುಡುಗಿ ಸೂ ಸ್ಟಾರ್ಮ್‌ಗೆ ಕೊಟ್ಟ ಶಕ್ತಿ ಕಣ್ಣಿಗೆ ಕಾಣದಂತಾಗುವುದು. 1976ರಲ್ಲಿ ಎಕ್ಸ್-ಮೆನ್ ತಂಡದ ಜೀನ್ ಗ್ರೇಗೆ ಬ್ರಹ್ಮಾಂಡವನ್ನೇ ಅಲ್ಲಾಡಿಸುವ ಶಕ್ತಿ ಬಂತು. ತಡೆದುಕೊಳ್ಳಲಾಗದೆ ಸರ್ವನಾಶ ಮಾಡಿದಳು, ಕೊನೆಗೆ 1980ರಲ್ಲಿ ತಾನೇ ಸತ್ತಳು. ಅವೆಂಜರ್ಸ್ ತಂಡದ ಮಾಟಗಾತಿ ಸ್ಕಾರ್ಲೆಟ್ ವಿಚ್ ಹಣೆಬರಹವೂ ಅದೇ: ಶಕ್ತಿ ಹೆಚ್ಚಿದಷ್ಟೂ ಬುದ್ಧಿಭ್ರಮಣೆ. ಗಂಡು ಹೀರೋಗೆ ಶಕ್ತಿ ಹೆಚ್ಚಾದರೆ ಹೊಣೆ ಹೆಚ್ಚುತ್ತದೆ, ಹೆಣ್ಣಿಗೆ ಹೆಚ್ಚಾದರೆ ತಲೆ ಕೆಡುತ್ತದೆ! ಸಿಟ್ಟು ಬಂದರೆ ದೈತ್ಯನಾಗುವ ಹಲ್ಕ್ ಎಷ್ಟು ಊರು ಒಡೆದರೂ ಮಕ್ಕಳ ಅಂಗಿಯ ಮೇಲೆ ಇದ್ದಾನೆ.

ಅವೆಂಜರ್ಸ್ ತಂಡದ ಗೂಢಚಾರಿಣಿ ಬ್ಲ್ಯಾಕ್ ವಿಡೋ ಬಗ್ಗೆ ನಿಮ್ಮ ಮಗಳಿಗೆ ಗೊತ್ತಿರುತ್ತದೆ. ಆ ಪಾತ್ರ ಸಿನಿಮಾಗೆ ಬಂದದ್ದು 2010ರಲ್ಲಿ. 2019ರಲ್ಲಿ ಪ್ರಾಣ ಕೊಟ್ಟಿತು. ಅವಳದೇ ಹೆಸರಿನ ಸಿನಿಮಾ ಬಂದದ್ದು 2021ರಲ್ಲಿ, ಅಂದರೆ ಸತ್ತ ಮೇಲೆ. ಈ ನಡುವೆ 2015ರ ಅವೆಂಜರ್ಸ್ ಚಿತ್ರದಲ್ಲಿ ಅವಳು ವಿಮಾನದಿಂದ ಬೈಕಿನಲ್ಲಿ ಹಾರುವ ದೃಶ್ಯವಿತ್ತು. ಆ ಬೈಕಿನ ಆಟಿಕೆ ಅಂಗಡಿಗೆ ಬಂದಾಗ ಮೇಲೆ ಕೂತಿದ್ದವನು ಕ್ಯಾಪ್ಟನ್ ಅಮೆರಿಕ. ಗೊಂಬೆಯನ್ನೇ ಮಾಡದೆ, ಹೆಣ್ಣು ಹೀರೋ ಗೊಂಬೆ ಖರ್ಚಾಗುವುದಿಲ್ಲ ಎನ್ನುವುದು ಯಾವ ವ್ಯಾಪಾರ?

ಇನ್ನು ಫ್ಲಾಪ್ ಲೆಕ್ಕಕ್ಕೆ ಬರೋಣ, ನಿಮ್ಮ ಮಗನ ವಾದದ ಬಲವೆಲ್ಲ ಅಲ್ಲಿದೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಗಂಡಸೊಬ್ಬ ಬೈಕಿನಿಂದ ಬಿದ್ದರೆ, ರಸ್ತೆಯಲ್ಲಿ ಗುಂಡಿ ಇತ್ತು ಎನ್ನುತ್ತಾರೆ. ಹೆಂಗಸು ಸ್ಕೂಟಿಯಿಂದ ಬಿದ್ದರೆ, ಹೆಂಗಸರಿಗೆ ಗಾಡಿ ಓಡಿಸೋಕೆ ಬರಲ್ಲ ಎನ್ನುತ್ತಾರೆ. ಹಾಲಿವುಡ್ ಇಷ್ಟೂ ವರ್ಷ ಇದೇ ಲೆಕ್ಕ ಬರೆದಿದೆ. ಪನಿಶರ್ ಎಂಬ ಪಾತ್ರಕ್ಕೆ 1989, 2004, 2008ರಲ್ಲಿ ಮೂರು ಬಾರಿ ಸಿನಿಮಾ ಮಾಡಿದರು, ಮೂರು ಬೇರೆ ನಟರು, ಮೂರೂ ನಿಲ್ಲಲಿಲ್ಲ. 1997ರ ಬ್ಯಾಟ್‌ಮ್ಯಾನ್ ಚಿತ್ರ ನಗೆಪಾಟಲಾಯಿತು. ಎಂಟು ವರ್ಷದಲ್ಲಿ ಹೊಸ ನಿರ್ದೇಶಕ, ಹೊಸ ನಟನೊಂದಿಗೆ ಮತ್ತೆ ಬಂದ. ಫೆಂಟಾಸ್ಟಿಕ್ ಫೋರ್ 2005ರಿಂದ 2025ರೊಳಗೆ ಮೂರು ಬಾರಿ ಮೊದಲಿನಿಂದ ಶುರುವಾಗಿದೆ. ಗಂಡು ಸೂಪರ್‌ಹೀರೋ ಜನಕ್ಕೆ ಬೇಡ ಎಂದು ಯಾರೂ ತೀರ್ಮಾನಿಸಲಿಲ್ಲ. ಸ್ಕ್ರಿಪ್ಟ್ ಸರಿಯಿಲ್ಲ, ನಿರ್ದೇಶಕ ಸರಿಯಿಲ್ಲ ಎಂದರು, ಬದಲಾಯಿಸಿದರು.

ಹೆಣ್ಣಿನ ವಿಷಯದಲ್ಲಿ? 2005ರ ಎಲೆಕ್ಟ್ರಾ ನಂತರ ಅಮೆರಿಕದ ದೊಡ್ಡ ಕಾಮಿಕ್ಸ್ ಕಂಪನಿಗಳಾದ ಮಾರ್ವೆಲ್ ಇಲ್ಲವೇ ಡಿಸಿಯ ನಾಯಕಿಯೊಬ್ಬಳ ಹೆಸರಿನಲ್ಲಿ ಇನ್ನೊಂದು ಸಿನಿಮಾ ಥಿಯೇಟರಿಗೆ ಬರಲು 2017 ಆಯಿತು. ಹನ್ನೆರಡು ವರ್ಷ! ಅಷ್ಟು ಹೊತ್ತಿಗೆ ಆ ವರ್ಷ ಹುಟ್ಟಿದ ಹುಡುಗಿಗೆ ನಿಮ್ಮ ಮಗಳ ವಯಸ್ಸು. ಕಾರಣ ಗುಟ್ಟಾಗೇನೂ ಉಳಿದಿಲ್ಲ. ಮಾರ್ವೆಲ್‌ನ ಆಗಿನ ಮುಖ್ಯಸ್ಥ ಐಕ್ ಪರ್ಲ್‌ಮಟರ್ 2014ರಲ್ಲಿ ಸೋನಿ ಚಿತ್ರಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಇಮೇಲ್ ಸೋರಿಕೆಯಾಗಿ ಜಗತ್ತೆಲ್ಲ ಓದಿತು. ಅದರಲ್ಲಿ ಎಲೆಕ್ಟ್ರಾ, ಕ್ಯಾಟ್‌ವುಮನ್, ಸೂಪರ್‌ಗರ್ಲ್ ಮೂರನ್ನು ಸೋಲಿನ ಉದಾಹರಣೆಯಾಗಿ ಕೊಟ್ಟಿದ್ದರು. ಸೂಪರ್‌ಗರ್ಲ್ ಬಂದದ್ದು 1984ರಲ್ಲಿ! ಮೂವತ್ತು ವರ್ಷ ಹಿಂದಿನ ಸೋಲನ್ನು ಇನ್ನೂ ಹುಟ್ಟದ ಸಿನಿಮಾಗಳ ತಲೆಗೆ ಕಟ್ಟಿದ್ದು ಹೀಗೆ. ನಿಮ್ಮ ಮಗ ಇವತ್ತು ಆಡುವ ಮಾತು ಆ ಇಮೇಲ್‌ನ ಮಾತೇ.

2017ರಲ್ಲಿ ಪ್ಯಾಟಿ ಜೆಂಕಿನ್ಸ್ ನಿರ್ದೇಶಿಸಿದ ವಂಡರ್ ವುಮನ್ 80 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. 2019ರ ಮಾರ್ಚ್ 8ರಂದು ಬಂದ ಕ್ಯಾಪ್ಟನ್ ಮಾರ್ವೆಲ್ 110 ಕೋಟಿ ಡಾಲರ್ ದಾಟಿತು. ಮಗನಿಗೆ ಈ ಎರಡು ಅಂಕಿ ತೋರಿಸಿ, ಫ್ಲಾಪ್ ಎನ್ನಲು ಇನ್ನೆಷ್ಟು ಕೋಟಿ ಕಡಿಮೆಯಾಗಿತ್ತು ಎಂದು ಕೇಳಿ. ಕ್ಯಾಪ್ಟನ್ ಮಾರ್ವೆಲ್ ಪಟ್ಟ ಪಾಡು ಮಾತ್ರ ಸಣ್ಣದಲ್ಲ. 2018ರಲ್ಲಿ ಟ್ರೇಲರ್ ಬಂದಾಗ, ನಾಯಕಿ ಬ್ರೀ ಲಾರ್ಸನ್ ನಗುವುದೇ ಇಲ್ಲ ಎಂದು ಗಂಡಸರು ದೂರಿದರು. ಪೋಸ್ಟರ್‌ಗಳಲ್ಲಿ ಅವಳ ತುಟಿಗೆ ನಗು ಅಂಟಿಸಿ ಹಂಚಿದರು. ಆಕೆ ಗಂಡು ಹೀರೋಗಳ ಪೋಸ್ಟರ್‌ಗೂ ಅಂಥದೇ ನಗು ಅಂಟಿಸಿದ ಚಿತ್ರಗಳನ್ನು ಹಾಕಿದಾಗಲೇ ಅದು ಎಷ್ಟು ಅಸಂಬದ್ಧ ಎಂದು ಬಹಳ ಜನಕ್ಕೆ ಕಂಡದ್ದು. ಬಿಡುಗಡೆಗೆ ಮುಂಚೆಯೇ, ಒಂದು ದೃಶ್ಯವನ್ನೂ ನೋಡದವರು, ರಾಟನ್ ಟೊಮ್ಯಾಟೋಸ್ ಎಂಬ ಸಿನಿಮಾ ವಿಮರ್ಶೆಯ ಜಾಲತಾಣದಲ್ಲಿ ಸಿನಿಮಾ ವಿರುದ್ಧ ಸಾಲುಸಾಲಾಗಿ ಬರೆದರು. ಬಿಡುಗಡೆಗೆ ಮುನ್ನ ಪ್ರೇಕ್ಷಕರು ಟಿಪ್ಪಣಿ ಹಾಕುವ ಸೌಲಭ್ಯವನ್ನೇ ಆ ತಾಣ 2019ರ ಫೆಬ್ರವರಿಯಲ್ಲಿ ತೆಗೆದುಹಾಕಿತು.

ಕ್ಯಾಪ್ಟನ್ ಮಾರ್ವೆಲ್‌ನ ಮುಂದಿನ ಭಾಗವಾದ 2023ರ ದ ಮಾರ್ವೆಲ್ಸ್ ಸೋತದ್ದು ನಿಜ. ಸುಮಾರು 20 ಕೋಟಿ ಡಾಲರ್ ಗಳಿಸಿ ಮಾರ್ವೆಲ್ ಸಿನಿಮಾ ಸರಣಿಯಲ್ಲೇ ಕಡೆಯ ಸ್ಥಾನಕ್ಕೆ ಹೋಯಿತು. ಕಥೆಯಲ್ಲಿ ಹುಳುಕಿತ್ತು, ನಾನೂ ಹೇಳುತ್ತೇನೆ. ಆದರೆ ಹಾಲಿವುಡ್ ನಟರ ಮುಷ್ಕರ ನವೆಂಬರ್ 9ರಂದು ಮುಗಿಯಿತು, ಸಿನಿಮಾ ಬಂದದ್ದು ಮಾರನೇ ದಿನ. ತಾರೆಯರು ಪ್ರಚಾರಕ್ಕೆ ಹೋಗಲು ಸಮಯವೇ ಸಿಗಲಿಲ್ಲ. ಅದೇ ವರ್ಷ ಗಂಡು ಹೀರೋನ ದ ಫ್ಲಾಶ್ ಕೂಡ ಮಕಾಡೆ ಮಲಗಿತು. ಅದಕ್ಕೆ ಸಿಕ್ಕ ಕಾರಣ, ಜನಕ್ಕೆ ಸೂಪರ್‌ಹೀರೋ ಸಾಕಾಗಿದೆ ಎಂಬುದು. ಗಂಡು ಸೂಪರ್‌ಹೀರೋ ಸಾಕಾಗಿದೆ ಎಂದು ಒಬ್ಬರೂ ಹೇಳಲಿಲ್ಲ.

ಉಡುಪಿನ ಜಗಳ ಬೇರೆಯೇ ಇದೆ. ಮೈ ಕಂಡರೆ ಅಸಭ್ಯ, ಮುಚ್ಚಿದರೆ ಆಕರ್ಷಣೆಯಿಲ್ಲ. ಇಲ್ಲಿ ಹೆಂಗಸರಲ್ಲೇ ಭಿನ್ನಾಭಿಪ್ರಾಯವಿದೆ, ಇರಬೇಕಾದದ್ದೇ. 2016ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆ ವಂಡರ್ ವುಮನ್‌ಳನ್ನು ಮಹಿಳಾ ಸಬಲೀಕರಣದ ಗೌರವ ರಾಯಭಾರಿ ಮಾಡಿದಾಗ ಅಲ್ಲಿನ ಸಿಬ್ಬಂದಿಯೇ ಬೆನ್ನು ತಿರುಗಿಸಿ ನಿಂತು ಪ್ರತಿಭಟಿಸಿದರು; ಎರಡು ತಿಂಗಳೊಳಗೆ ಆ ಗೌರವ ಮುಗಿಯಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅದೇ ತಿಂಗಳು ಪ್ರಧಾನ ಕಾರ್ಯದರ್ಶಿ ಹುದ್ದೆಗೆ ಏಳು ಮಂದಿ ಮಹಿಳೆಯರು ಸ್ಪರ್ಧೆಗೆ ಇಳಿದಿದ್ದರೂ ಆಯ್ಕೆಯಾದದ್ದು ಪುರುಷ. ಕುರ್ಚಿ ಗಂಡಸಿಗೆ, ರಾಯಭಾರ ಕಾಗದದ ಹೆಣ್ಣಿಗೆ ಎಂದರೆ ಯಾರಿಗೆ ಉರಿಯುವುದಿಲ್ಲ?

ನಮ್ಮ ಕಡೆ ಇದಕ್ಕೆಲ್ಲ ಒಂದು ಸಿದ್ಧ ಉತ್ತರವಿದೆ: ನಾವು ದೇವಿಯನ್ನು ಪೂಜಿಸುವವರು, ನಮಗೆ ಹೆಣ್ಣಿನ ಶಕ್ತಿ ಕಂಡರೆ ಅಸೂಯೆ ಇಲ್ಲ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ, ಉಚ್ಚಂಗೆಮ್ಮನ ಗುಡ್ಡದಲ್ಲಿ ಗಂಡಸರು ಅಡ್ಡಬೀಳುವುದನ್ನು ನಾನೂ ನೋಡಿದ್ದೇನೆ, ಆ ಭಕ್ತಿ ಸುಳ್ಳಲ್ಲ. ಆದರೆ ದುಗ್ಗಮ್ಮ ಯಾವ ಹುಡುಗನಿಗೂ ಪ್ರತಿಸ್ಪರ್ಧಿಯಲ್ಲ. ಅವಳು ಟ್ಯೂಷನ್‌ನಲ್ಲಿ ಅವನಿಗಿಂತ ಹೆಚ್ಚು ಅಂಕ ತೆಗೆಯುವುದಿಲ್ಲ, ಕ್ರಿಕೆಟ್ಟಿಗೆ ಮೈದಾನ ಬಿಡು ಎನ್ನುವುದಿಲ್ಲ. ಮಿಸ್ ಮಾರ್ವೆಲ್ ಎಂಬ ಹೆಸರಿನ ಕಮಲಾ ಖಾನ್ ಜರ್ಸಿ ಸಿಟಿಯಲ್ಲಿ ಶಾಲೆಗೆ ಹೋಗುವ, ಅಪ್ಪ ಅಮ್ಮನ ಕೈಲಿ ಬೈಸಿಕೊಳ್ಳುವ ಹದಿನಾರರ ಹುಡುಗಿ. ಅವಳು ಪಕ್ಕದ ಬೆಂಚಿನವಳು. ಗುಡಿಯಲ್ಲಿರುವ ಶಕ್ತಿಗೆ ಕೈಮುಗಿಯುವುದು ಸುಲಭ. ಪಕ್ಕದ ಬೆಂಚಿನ ಶಕ್ತಿಗೆ ಜಾಗ ಬಿಡಬೇಕಾಗುತ್ತದೆ.

ಇದೆಲ್ಲ ಹೊರಗಿನಿಂದ ತಂದ ಫ್ಯಾಷನ್ ಎಂದು ಹುಡುಗರು ಹೇಳಿದರೆ, ಸೂಪರ್‌ಮ್ಯಾನ್ 1938ರಲ್ಲಿ ಹುಟ್ಟುವ ಮುಂಚೆಯೇ, 1935ರಲ್ಲಿ, ಮುಂಬೈಯ ವಾಡಿಯಾ ಸಹೋದರರ ಹಂಟರ್‌ವಾಲಿ ಚಿತ್ರದಲ್ಲಿ ನಾದಿಯಾ ಮುಖವಾಡ ಹಾಕಿ ಚಾಟಿ ಬೀಸಿ ದುಷ್ಟರನ್ನು ಬಗ್ಗುಬಡಿದಿದ್ದರು ಎಂದು ಹೇಳಿ. ಜನ ಮುಗಿಬಿದ್ದು ನೋಡಿದರು. ನಮ್ಮಲ್ಲೇ ಮಾಲಾಶ್ರೀ ಇದ್ದರು. ತೊಂಬತ್ತರ ದಶಕದಲ್ಲಿ ಅವರ ಹೆಸರಿಗೇ ಟಾಕೀಸು ತುಂಬುತ್ತಿತ್ತು, 2004ರ ದುರ್ಗಿಗೂ ಶಿಳ್ಳೆ ಹೊಡೆದ ಗಂಡಸರೇ ಹೆಚ್ಚು. ಪ್ರೇಕ್ಷಕ ಒಪ್ಪಿದ್ದ. ಅವರ ಹಿಂದೆ ಇನ್ನೊಬ್ಬಳನ್ನು ಬೆಳೆಸದೆ ಬಿಟ್ಟದ್ದು ಗಾಂಧಿನಗರ, ಈ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. 2025ರಲ್ಲಿ ಮಲಯಾಳಂನ ಲೋಕಃ ಬಂತು. ಕೇರಳದವರು ತಲೆಮಾರುಗಳಿಂದ ಹೆದರಿದ್ದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯನ್ನು ನಮ್ಮ ಬೆಂಗಳೂರಿಗೆ ತಂದು, ಕಾಯುವವಳನ್ನಾಗಿ ಮಾಡಿದರು. 300 ಕೋಟಿ ರೂಪಾಯಿ ದಾಟಿತು. ಅದರಲ್ಲಿ ನನಗೆ ಹಿಡಿಸಿದ್ದು ಗಳಿಕೆಗಿಂತ ಮಿಗಿಲಾಗಿ ಇದು: ನಾಯಕಿ ಚಂದ್ರ ಕೊನೆಗೆ ಶಕ್ತಿಯನ್ನು ಯಾರಿಗೂ ಒಪ್ಪಿಸಿಬಿಡುವುದಿಲ್ಲ, ಅವಳ ಕಥೆ ಮುಂದುವರಿಯುತ್ತದೆ.

ಈಗ ಮನೆಯ ಮಾತು. ಮಗನನ್ನು ಸ್ತ್ರೀದ್ವೇಷಿ ಎಂದು ಬೈಯಬೇಡಿ. ಹದಿನೇಳರ ಹುಡುಗರು ಯೂಟ್ಯೂಬಿನಲ್ಲಿ ದಿನಾ ಕೇಳಿದ್ದನ್ನು ಹೇಳುತ್ತಾರೆ. ಅಂಥ ವಿಡಿಯೋಗಳಿಗೆ ಸಿಟ್ಟೇ ಬಂಡವಾಳ. ಅವನಿಗೆ ಒಂದೇ ಪರೀಕ್ಷೆ ಕೊಡಿ: ಈ ನಾಯಕಿಯಲ್ಲಿ ನೀನು ಕಾಣುವ ತಪ್ಪು ಗಂಡು ಹೀರೋನಲ್ಲೂ ಇದ್ದರೆ ನಿನಗೆ ತಪ್ಪಾಗಿ ಕಾಣುತ್ತದೆಯೇ? ಕ್ಯಾಪ್ಟನ್ ಮಾರ್ವೆಲ್‌ಗೆ ಸೊಕ್ಕು ಎಂದರೆ, ಐರನ್ ಮ್ಯಾನ್‌ನ ಸೊಕ್ಕು ನಿನಗೆ ಯಾಕೆ ಇಷ್ಟ ಎಂದು ಕೇಳಿ. ಅವಳಿಗೆ ಎಲ್ಲ ಶಕ್ತಿಯೂ ಸುಮ್ಮನೆ ಬಂದುಬಿಟ್ಟಿತು ಎಂದರೆ, ಸೂಪರ್‌ಮ್ಯಾನ್ ಯಾವ ಗರಡಿಯಲ್ಲಿ ತಾಲೀಮು ಮಾಡಿದ ಎಂದು ಕೇಳಿ. ಎರಡೂ ಕಡೆ ಒಂದೇ ಅಳತೆ ಇಟ್ಟ ಮೇಲೂ ಸಿನಿಮಾ ಕೆಟ್ಟದೆನಿಸಿದರೆ ಅದು ಕೆಟ್ಟ ಸಿನಿಮಾ. ಒಪ್ಪಿಕೊಳ್ಳಿ.

ಮಗಳಿಗೆ, ಈ ನಾಯಕಿಯರನ್ನೆಲ್ಲ ನೀನು ಸಮರ್ಥಿಸಿಕೊಳ್ಳಬೇಕಾಗಿಲ್ಲ ಎಂದು ಮೊದಲು ಹೇಳಿ. ಹುಡುಗಿಯರ ಮೇಲೆ ಈ ಹೊರೆ ಬೀಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಣ್ಣ ಟೀಕಿಸುತ್ತಾನೆಂದು ಇಷ್ಟವಿಲ್ಲದ ಸಿನಿಮಾವನ್ನೂ ಇಷ್ಟ ಎನ್ನುತ್ತಾರೆ, ಇಲ್ಲವಾದರೆ ಇಷ್ಟವಾದದ್ದನ್ನು ಹೇಳಿಕೊಳ್ಳದೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವಳಿಗೂ ಬೇಸರಪಡುವ, ಅರ್ಧಕ್ಕೆ ನಿಲ್ಲಿಸುವ ಸ್ವಾತಂತ್ರ್ಯ ಇರಲಿ. ಇನ್ನೊಂದು ಮಾಡಿ: ಇಬ್ಬರನ್ನೂ ಕೋಟೆಗೆ ಕರೆದೊಯ್ದು, ಓಬವ್ವನ ಕಿಂಡಿಯ ಹತ್ತಿರ, ಅವಳು ಬದುಕಿದ್ದರೆ ಮರುದಿನ ಏನಾಗುತ್ತಿತ್ತು ಎಂಬ ಕಥೆಯನ್ನು ಅವರ ಕೈಯಲ್ಲೇ ಕಟ್ಟಿಸಿ. ಅಣ್ಣ ಕಟ್ಟುವ ಕಥೆಗೂ ತಂಗಿ ಕಟ್ಟುವ ಕಥೆಗೂ ಇರುವ ವ್ಯತ್ಯಾಸದಲ್ಲಿ ನಿಮಗೆ ನನ್ನ ಉತ್ತರಕ್ಕಿಂತ ಹೆಚ್ಚು ಸಿಗುತ್ತದೆ.

ನೋಡುವುದಕ್ಕೆ, 2022ರ ಮಿಸ್ ಮಾರ್ವೆಲ್ ಸರಣಿಯಿಂದ ಶುರುಮಾಡಿ. ಆರೇ ಕಂತು, ಮನೆ, ಮದುವೆ, ಅಜ್ಜಿ ಎಲ್ಲ ನಮ್ಮದೇ ಅನ್ನಿಸುತ್ತದೆ. ಓದುವ ಹವ್ಯಾಸವಿದ್ದರೆ ಜಿ. ವಿಲ್ಲೋ ವಿಲ್ಸನ್ ಬರೆದ ಕಮಲಾ ಖಾನ್ ಕಾಮಿಕ್ಸ್ ಇನ್ನೂ ಚೆನ್ನ, 2015ರಲ್ಲಿ, ವೈಜ್ಞಾನಿಕ ಮತ್ತು ಅದ್ಭುತ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದದ್ದು. 2017ರ ವಂಡರ್ ವುಮನ್‌ನಲ್ಲಿ ಮೊದಲ ಮಹಾಯುದ್ಧದ ಹಿಂಸೆ ಇದೆ, ಪಕ್ಕದಲ್ಲಿ ಕೂತು ನೋಡಿ. ಲೋಕಃದಲ್ಲಿ ರಕ್ತ ಜಾಸ್ತಿ. ಅದಕ್ಕೆ ಮಗಳು ಇನ್ನೆರಡು ವರ್ಷ ಕಾಯಲಿ, ಮಗ ಈಗಲೇ ನೋಡಬಹುದು.